ಜಿಗಣೆಯೊಳಗಿನ ಕುಡುಗೋಲು: ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ಸಲ ಪುಟದ ಕೊನೆಗೆ ಜಾಗ ಉಳಿದಿತ್ತು ಅಂತ ಜಿಗಣೆಯ ಮೈಯಲ್ಲಿ ಸಿಗುವ ಒಂದು ಕಿಣ್ವದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಮ್ಮ ಜೀವಕೋಶಗಳ ಮೇಲೆ ಗ್ಲೈಕೋಲಿಪಿಡ್ ಅನ್ನುವ ವಸ್ತು ಇರುತ್ತದೆ, ಅಂದರೆ ಕೊಬ್ಬಿಗೆ ಅಂಟಿಕೊಂಡ ಸಕ್ಕರೆಯ ಸರ, ಅದನ್ನು ಈ ಕಿಣ್ವ ಕತ್ತರಿಸುತ್ತದೆ. ಬರೆದದ್ದು ಇಷ್ಟೇ. ಬಂದ ಪತ್ರ ನೋಡಿದರೆ ತುಂಗಭದ್ರಾ ಕಾಲುವೆ ಹರಿಯುವ ಕಡೆಯವರಿಗೆಲ್ಲ ಜಿಗಣೆ ಮೇಲೆ ಏನೋ ಹಳೇ ಲೆಕ್ಕ ಬಾಕಿ ಇದ್ದಂತಿದೆ. ಇರಲಿ, ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮದು ಭತ್ತದ ಗದ್ದೆ. ಎಮ್ಮೆ ಕಾಲುವೆಗೆ ಇಳಿದರೆ ಕಾಲಿಗೆ, ಕೆಚ್ಚಲಿಗೆ ಜಿಗಣೆ ಹತ್ತಿಸಿಕೊಂಡೇ ಬರುತ್ತದೆ. ಅಂಥ ಹುಳದಲ್ಲಿ ವಿಜ್ಞಾನಿಗಳಿಗೆ ಬೇಕಾದದ್ದು ಏನಿದೆ? ಹಿಡಿದು ಕೊಟ್ಟರೆ ದುಡ್ಡು ಸಿಗುತ್ತದಾ?
ಒಬ್ಬ ರೈತರು, ಗಂಗಾವತಿ ತಾಲ್ಲೂಕು

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ: ಸಿಗೋದಿಲ್ಲ. ಈ ಕೆಲಸ ನಡೆದದ್ದು ನಿಮ್ಮ ಎಮ್ಮೆಗೆ ಹತ್ತುವ ಜಿಗಣೆಯಲ್ಲಿ ಅಲ್ಲ, ಅಮೆರಿಕದ ಕೆರೆಗಳಲ್ಲಿರುವ ಮ್ಯಾಕ್ರೋಬ್ಡೆಲ್ಲಾ ಡೆಕೋರಾ ಅನ್ನುವ ಜಾತಿಯಲ್ಲಿ ಮತ್ತು ಯುರೋಪಿನ ಔಷಧಿ ಜಿಗಣೆಯಲ್ಲಿ.

ಈಗ ವಿಷಯಕ್ಕೆ ಬರೋಣ. ಹೊಲದಲ್ಲಿ ನಿಂತ ಜೋಳದ ದಂಟನ್ನು ನೆನೆಸಿಕೊಳ್ಳಿ. ಬೇರು ಮಣ್ಣಲ್ಲಿ, ದಂಟು ಮತ್ತು ತೆನೆ ಮೇಲೆ. ಗ್ಲೈಕೋಲಿಪಿಡ್ ಕೂಡ ಹಾಗೇ ನಿಂತಿರುತ್ತದೆ. ಬೇರಿನ ಜಾಗದಲ್ಲಿ ಸೆರಮೈಡ್ ಅನ್ನುವ ಕೊಬ್ಬು, ಅದು ಜೀವಕೋಶದ ಪೊರೆಯೊಳಗೆ ಊರಿಕೊಂಡಿರುತ್ತದೆ. ಮೇಲೆ ಸಕ್ಕರೆಗಳ ಸರ, ಹೊರಗಿನ ಲೋಕಕ್ಕೆ ಕಾಣುವ ಹಾಗೆ. ಕಾಲರಾ ವಿಷ ನಮ್ಮ ಕರುಳಿನ ಕೋಶಕ್ಕೆ ಅಂಟಿಕೊಳ್ಳುವುದು ಇಂಥದ್ದೇ ಒಂದು ಸರ ಹಿಡಿದು, ಅದರ ಹೆಸರು ಜಿಎಂ1. ಎ, ಬಿ ಅಂತ ರಕ್ತದ ಗುಂಪು ಹೇಳ್ತೀವಲ್ಲ, ಆ ಗುರುತಿನಲ್ಲೂ ಒಂದು ಭಾಗ ಇಂಥ ಸರಗಳ ಮೇಲಿದೆ.

ನಮ್ಮ ದೇಹ ಇವನ್ನು ಒಡೆಯುವಾಗ ತೆನೆಯ ತುದಿಯಿಂದ ಶುರು ಮಾಡುತ್ತದೆ. ಒಂದು ಕಿಣ್ವ ಒಂದು ಕಾಳು ಬಿಡಿಸುತ್ತದೆ, ಇನ್ನೊಂದು ಮುಂದಿನ ಕಾಳು, ಹೀಗೆ ಸಾಲಾಗಿ. ಜಿಗಣೆಯ ಕಿಣ್ವಕ್ಕೆ ಆ ತಾಳ್ಮೆ ಇಲ್ಲ. ಅದು ಸೀದಾ ಬುಡಕ್ಕೆ ಕುಡುಗೋಲು ಹಾಕುತ್ತದೆ. ಇಡೀ ಸಕ್ಕರೆ ಸರ ಒಂದು ಕಡೆ, ಸೆರಮೈಡ್ ಇನ್ನೊಂದು ಕಡೆ. ಅದಕ್ಕೇ ವಿಜ್ಞಾನಿಗಳಿಗೆ ಇದರ ಮೇಲೆ ಆಸೆ. ಕಾಳು ಕಾಳಾಗಿ ಉದುರಿದರೆ ತೆನೆ ಹೇಗಿತ್ತು ಅಂತ ಊಹಿಸಬೇಕು. ಬುಡದಲ್ಲಿ ಕೊಯ್ದರೆ ಇಡೀ ತೆನೆ ಕೈಗೆ ಬರುತ್ತದೆ.

1986ರಲ್ಲಿ ಎರಡು ಕಡೆಯಿಂದ ಸುದ್ದಿ ಬಂತು. ಜಪಾನಿನಲ್ಲಿ ಇತೊ ಮತ್ತು ಯಮಗತಾ ರೋಡೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಲ್ಲಿ ಇಂಥ ಕಿಣ್ವ ಕಂಡು ಎಂಡೋಗ್ಲೈಕೋಸೆರಮೈಡೇಸ್ ಅಂತ ಕರೆದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಯು-ತೇ ಲೀ ಮತ್ತು ಸು-ಚೆನ್ ಲೀ, ಗಂಡ ಹೆಂಡತಿ ಇಬ್ಬರೂ ಇದೇ ಕೆಲಸದವರು, ಅವರ ತಂಡ ಜಿಗಣೆಯಲ್ಲಿ ಕಂಡು ಸೆರಮೈಡ್ ಗ್ಲೈಕನೇಸ್ ಅಂದಿತು, ಮರುವರ್ಷ ಎರೆಹುಳುವಿನಲ್ಲೂ ಕಂಡಿತು. ಹೆಸರು ಎರಡು, ಕೆಲಸ ಒಂದೇ. 1989ರಲ್ಲಿ ಅದೇ ತಂಡ ಜಿಗಣೆಯದನ್ನು ಶುದ್ಧ ಮಾಡಿ ತೋರಿಸಿತು. ತೂಕ ಸುಮಾರು 54 ಕಿಲೋಡಾಲ್ಟನ್ (ಡಾಲ್ಟನ್ ಅಂದರೆ ಅಣು ತೂಗುವ ಅಳತೆ), ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5ರಲ್ಲಿ, ಅಂದರೆ ಸ್ವಲ್ಪ ಹುಳಿಯಲ್ಲಿ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಎರೆಹುಳುವಿನಿಂದ ಈ ಕಿಣ್ವ ತೆಗೆಯಲು ಹೇಳಿದ್ದಾರೆ. ಎರೆಗೊಬ್ಬರದ ತೊಟ್ಟಿಯಿಂದ ಅರ್ಧ ಕಿಲೋ ಹುಳು ತಂದಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಕೊನೆಗೆ ಕೈಯಲ್ಲಿ ಏನೂ ಇಲ್ಲ. ಎಲ್ಲಿ ತಪ್ಪುತ್ತಿದೆ?
ಒಬ್ಬ ವಿದ್ಯಾರ್ಥಿನಿ, ರಾಯಚೂರು

ತಂಗಿ, ನಿಮ್ಮ ಪತ್ರ ಓದಿ ನನಗೆ ನನ್ನದೇ ಹಳೇ ಕಥೆ ನೆನಪಾಯಿತು. ಹೇಳುತ್ತೇನೆ, ಆಮೇಲೆ.

ಮೊದಲು ಹುಳು. ಪುಸ್ತಕದಲ್ಲಿರುವುದು ಲುಂಬ್ರಿಕಸ್ ಟೆರೆಸ್ಟ್ರಿಸ್, ತಣ್ಣನೆ ದೇಶದ್ದು. ನಮ್ಮ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಐಸೀನಿಯಾ ಅಥವಾ ಯೂಡ್ರಿಲಸ್. ಅವುಗಳಲ್ಲೂ ಅದೇ ಕಿಣ್ವ ಅಷ್ಟೇ ಇದೆ ಅಂತ ಹಿಡಿದುಕೊಂಡು ಹೊರಡಬೇಡಿ. ಶುದ್ಧ ಮಾಡಲು ಕೂರುವ ಮೊದಲು ಹತ್ತು ಗ್ರಾಂ ಹುಳು ಅರೆದು, ಕೆಲಸ ಇದೆಯಾ ಇಲ್ವಾ ಅಂತ ನೋಡಿ. ಇಲ್ಲದಿದ್ದರೆ ಅದೂ ಒಂದು ಉತ್ತರವೇ, ಗೈಡ್ ಮುಂದೆ ಇಡಿ.

ಹುಳುವನ್ನು ತಂದ ಕೂಡಲೇ ಅರೆಯಬೇಡಿ. ಹೊಟ್ಟೆ ತುಂಬ ಮಣ್ಣು, ಸಗಣಿ ಇರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಆಮೇಲೆ ಸಿಕ್ಕ ಕಿಣ್ವ ಹುಳದ್ದೋ ಬ್ಯಾಕ್ಟೀರಿಯಾದ್ದೋ ಅಂತ ಯಾರಾದರೂ ಕೇಳಿದರೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಒದ್ದೆ ಕಾಗದದ ಮೇಲೆ ಒಂದು ರಾತ್ರಿ ಬಿಡಿ, ಹೊಟ್ಟೆ ಖಾಲಿ ಆಗಲಿ. ತೊಳೆಯಿರಿ. ಐಸ್ ಮೇಲೆ ಅರೆಯಿರಿ. ಪ್ರೋಟೀನ್ ತಿನ್ನುವ ಕಿಣ್ವಗಳು ಎರೆಹುಳುವಿನಲ್ಲಿ ಬಹಳ ಜೋರು, ಅರೆದ ಕ್ಷಣದಿಂದ ಅವು ನಿಮ್ಮ ಕಿಣ್ವವನ್ನು ತಿನ್ನಲು ಶುರು ಮಾಡುತ್ತವೆ. ಅದಕ್ಕೆ ಪಿಎಂಎಸ್‌ಎಫ್ ಥರದ ತಡೆ ಹಾಕಲೇಬೇಕು, ಅದೂ ಅರೆಯುವ ಹೊತ್ತಿಗೆ ಸರಿಯಾಗಿ, ಯಾಕೆಂದರೆ ಪಿಎಂಎಸ್‌ಎಫ್ ನೀರಲ್ಲಿ ಜಾಸ್ತಿ ಹೊತ್ತು ಬದುಕುವುದಿಲ್ಲ. ಬೆಳಿಗ್ಗೆ ಕಲಸಿಟ್ಟು ಊಟ ಆದಮೇಲೆ ಬಳಸಿದರೆ ಹಾಕಿಯೂ ಹಾಕದ ಹಾಗೆ.

ಅರೆದ ರಸ ತಿಳಿಯಾದ ಮೇಲೆ ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನ್ ಗರಣೆ ಕಟ್ಟಿಸುವುದು. ಉಪ್ಪನ್ನು ಒಂದೇ ಸಲ ಸುರಿಯಬೇಡಿ, ಚಿಟಿಕೆ ಚಿಟಿಕೆಯಾಗಿ, ನಿಧಾನವಾಗಿ ತಿರುಗಿಸುತ್ತ. ನೊರೆ ಎದ್ದರೆ ಪ್ರೋಟೀನ್ ಕೆಟ್ಟಿತು ಅಂತಲೇ ತಿಳಿಯಿರಿ. ಆಮೇಲೆ ಆಕ್ಟೈಲ್-ಸೆಫರೋಸ್ ಕಾಲಂ, ಅಂದರೆ ಸಣ್ಣ ಮಣಿ ತುಂಬಿದ ಕೊಳವೆ. ಇದರ ಮಣಿಗಳ ಮೇಲೆ ಎಣ್ಣೆಯ ಗುಣದ ಬಾಲ ಇರುತ್ತದೆ. ಕೊಬ್ಬಿನ ಸಹವಾಸದ ಕಿಣ್ವ ಉಪ್ಪು ಜಾಸ್ತಿ ಇದ್ದಾಗ ಅಲ್ಲಿ ಹಿಡಿದುಕೊಂಡು ಕೂರುತ್ತದೆ. ಮಿಕ್ಕ ಬಹಳಷ್ಟು ಪ್ರೋಟೀನ್ ಹರಿದು ಹೋಗುತ್ತದೆ. ಆಮೇಲೆ ಉಪ್ಪು ಇಳಿಸಿ, ಕೊನೆಗೆ ಡಿಟರ್ಜೆಂಟ್ ಹಾಯಿಸಿದರೆ ಕಿಣ್ವ ಬಿಟ್ಟು ಬರುತ್ತದೆ. ಎಷ್ಟೋ ಜನ ಇಲ್ಲೇ ಕಳೆದುಕೊಳ್ಳುತ್ತಾರೆ. ಉಪ್ಪು ಇಳಿಸಿದ ಕೂಡಲೇ ಬರಲಿಲ್ಲ ಅಂತ ಕಾಲಂ ತೊಳೆದು ಚೆಲ್ಲುತ್ತಾರೆ. ಪ್ರತಿ ಟ್ಯೂಬನ್ನೂ ಇಟ್ಟುಕೊಳ್ಳಿ. ಕಾಲಂನಿಂದ ಹರಿದು ಹೋದದ್ದನ್ನೂ, ತೊಳೆದ ನೀರನ್ನೂ. ಪರೀಕ್ಷೆ ಮಾಡದೆ ಒಂದು ಹನಿ ಸಿಂಕಿಗೆ ಹಾಕಬೇಡಿ.

ಮುಂದೆ ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಕಾಲಂ. ಇಲ್ಲಿ ಎರೆಹುಳು ನಿಮಗೆ ಒಂದು ಉಪಕಾರ ಮಾಡುತ್ತದೆ. ಅದರ ಹಿಮೋಗ್ಲೋಬಿನ್ ನಮ್ಮದರಂತೆ ಸಣ್ಣದಲ್ಲ, ರಕ್ತದಲ್ಲಿ ತೇಲುವ ದೈತ್ಯ, ತೂಕ ಸುಮಾರು 36 ಲಕ್ಷ ಡಾಲ್ಟನ್. ಹಿಂದಿನ ಹಂತಗಳಲ್ಲಿ ಪೂರ್ತಿ ಹೋಗಿರದಿದ್ದರೆ ಕಾಲಂನಲ್ಲಿ ಎಲ್ಲರಿಗಿಂತ ಮುಂದೆ ಒಂದು ಕೆಂಪು ಪಟ್ಟಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಅದು ಮೊದಲು, ನೆಟ್ಟಗೆ, ಅಂಚು ಹರಿಯದೆ ಬಂದರೆ ಕಾಲಂ ಸರಿಯಾಗಿ ತುಂಬಿದ್ದೀರಿ. ಓರೆಯಾಗಿ, ಬಾಲ ಬಿಟ್ಟುಕೊಂಡು ಬಂದರೆ ಬಿಚ್ಚಿ ಮತ್ತೆ ತುಂಬಿ. ನಾನು ಮೊದಲ ಸಲ ಆ ಕೆಂಪು ಗೆರೆ ಇಳಿಯುವುದನ್ನು ನೋಡುತ್ತ ಊಟದ ಹೊತ್ತು ಮರೆತಿದ್ದೆ.

ಈಗ ನಿಮ್ಮ ಮೂರು ಸೋಲಿನ ವಿಷಯ. ಪತ್ರದ ಜೊತೆ ನೀವು ಕಳಿಸಿದ ಹಾಳೆಯಲ್ಲಿ ಪ್ರೋಟೀನ್ ಅಳತೆ ಇದೆ, ಕಿಣ್ವದ ಕೆಲಸದ ಅಳತೆ ಕೊನೆಯ ಹಂತದಲ್ಲಿ ಮಾತ್ರ ಇದೆ. ತಪ್ಪು ಅಲ್ಲೇ. ಸಿಂಧನೂರು ಕಡೆಯ ರೈಸ್ ಮಿಲ್ಲಿನವರನ್ನು ಕೇಳಿ, ಕ್ವಿಂಟಲ್ ಭತ್ತಕ್ಕೆ 65ರಿಂದ 67 ಕಿಲೋ ಅಕ್ಕಿ, ಮಿಕ್ಕದ್ದು ತೌಡು ಎಷ್ಟು, ಹೊಟ್ಟು ಎಷ್ಟು, ನುಚ್ಚು ಎಷ್ಟು ಅಂತ ಬಾಯಲ್ಲೇ ಹೇಳುತ್ತಾರೆ. ಅಕ್ಕಿ ಕಡಿಮೆ ಬಂದರೆ ಯಾವ ಮೆಷಿನ್ನಲ್ಲಿ ಹೋಯಿತು ಅಂತ ಅವರಿಗೆ ಗೊತ್ತಾಗುತ್ತದೆ. ನಿಮಗೆ ಗೊತ್ತಾಗುತ್ತಿಲ್ಲ, ಯಾಕೆಂದರೆ ನಡುವೆ ಅಳೆದಿಲ್ಲ.

ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾನೇ ಹಿಡಿದ ಅಂಕಿ ಇವು. ಅರೆದ ರಸದಲ್ಲಿ 2000 ಮಿಲಿಗ್ರಾಂ ಪ್ರೋಟೀನ್, 100 ಯೂನಿಟ್ ಕೆಲಸ. ಮಿಲಿಗ್ರಾಂಗೆ 0.05 ಯೂನಿಟ್ ಆಯಿತು. ಉಪ್ಪಿನ ಹಂತ ಮುಗಿದಾಗ 600 ಮಿಲಿಗ್ರಾಂ, 80 ಯೂನಿಟ್. ಆಕ್ಟೈಲ್ ಕಾಲಂ ಆದಮೇಲೆ 40 ಮಿಲಿಗ್ರಾಂ, 50 ಯೂನಿಟ್. ಕೊನೆಗೆ 1 ಮಿಲಿಗ್ರಾಂ, 20 ಯೂನಿಟ್. ಮಿಲಿಗ್ರಾಂಗೆ 20 ಅಂದರೆ 400 ಪಟ್ಟು ಶುದ್ಧ, ಉಳಿದದ್ದು ನೂರಕ್ಕೆ 20. ಇಂಥ ಕೆಲಸದಲ್ಲಿ ಇದು ಬೇಜಾರು ಪಡುವ ಫಲಿತಾಂಶ ಅಲ್ಲ. ಪ್ರತಿ ಹಂತದಲ್ಲೂ ಈ ಎರಡು ಸಂಖ್ಯೆ ಬರೆದಿದ್ದರೆ ಕಳ್ಳ ಎಲ್ಲಿ ಅಂತ ತಾನೇ ಕಾಣುತ್ತದೆ. ಕೆಲವು ಸಲ ಒಂದು ಹಂತ ಆದಮೇಲೆ ಯೂನಿಟ್ ಹಿಂದಿನದಕ್ಕಿಂತ ಜಾಸ್ತಿ ಆಗಬಹುದು. ಹೆದರಬೇಡಿ, ಕಿಣ್ವವನ್ನು ತಡೆಯುತ್ತಿದ್ದ ಯಾವುದೋ ವಸ್ತು ಆ ಹಂತದಲ್ಲಿ ಹೊರಗೆ ಹೋಗಿರುತ್ತದೆ.

ನನ್ನ ಕಥೆ ಹೇಳುತ್ತೇನೆ ಅಂದಿದ್ದೆ. ಒಂದು ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ, ಮೇ ತಿಂಗಳು, ಬಳ್ಳಾರಿಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಹನ್ನೊಂದು ದಿನದ ಕೆಲಸ ಫ್ರಿಜ್ಜಿನಲ್ಲಿತ್ತು. ಶನಿವಾರ ರಾತ್ರಿ ಕರೆಂಟ್ ಹೋಗಿದೆ, ಜನರೇಟರ್‌ಗೆ ಡೀಸೆಲ್ ಹಾಕಿಸಿರಲಿಲ್ಲ, ಸೋಮವಾರ ಬಾಗಿಲು ತೆಗೆದರೆ ಟ್ಯೂಬುಗಳೆಲ್ಲ ಕೈಗೆ ಬೆಚ್ಚಗೆ. ಪ್ರೋಟೀನ್ ಅಳೆದರೆ ಮೊದಲಿನಷ್ಟೇ ಇತ್ತು, ಒಂದು ಮಿಲಿಗ್ರಾಂ ಕಡಿಮೆ ಇಲ್ಲ. ಕೆಲಸ ಅಳೆದರೆ ಸೊನ್ನೆ. ಅವತ್ತಿನಿಂದ ಪ್ರೋಟೀನ್ ಸಂಖ್ಯೆಯೊಂದನ್ನೇ ನಂಬುವುದು ಬಿಟ್ಟೆ. ಮತ್ತೆ ಒಂದು ಮಾತು, ಎಲ್ಲವನ್ನೂ ಒಂದೇ ಫ್ರಿಜ್ಜಿನಲ್ಲಿ ಇಡಬೇಡಿ.

ಪ್ರಶ್ನೆ: ಕೆಲಸ ಅಳೆಯುವುದು ಹೇಗೆ? ಜಿಎಂ1 ಬೆಲೆ ಕೇಳಿ ತಲೆ ತಿರುಗಿತು.
ಅದೇ ವಿದ್ಯಾರ್ಥಿನಿ

ತಿರುಗಲೇಬೇಕು. ಆದರೆ ಶುರುವಿಗೆ ಅಷ್ಟು ದುಬಾರಿ ವಸ್ತು ಬೇಡ. ಮಟನ್ ಅಂಗಡಿಯಲ್ಲಿ ಕುರಿಯ ಮೆದುಳು ಸಿಗುತ್ತದೆ. ಮೆದುಳಿನ ಕೊಬ್ಬು ತೆಗೆಯಲು ಫೋಲ್ಚ್ ತಂಡ 1957ರಲ್ಲಿ ಕೊಟ್ಟ ವಿಧಾನ ಈಗಲೂ ನಡೆಯುತ್ತದೆ. ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು, ಆಮೇಲೆ ಸ್ವಲ್ಪ ನೀರು ಹಾಕಿದರೆ ಎರಡು ಪದರ ಆಗುತ್ತದೆ. ಗ್ಯಾಂಗ್ಲಿಯೋಸೈಡ್‌ಗಳು, ಅಂದರೆ ಜಿಎಂ1 ಥರದವು, ಮೇಲಿನ ನೀರಿನ ಪದರಕ್ಕೆ ಬರುತ್ತವೆ. ಎಲ್ಲವೂ ಫ್ಯೂಮ್ ಹುಡ್ ಒಳಗೇ ಆಗಲಿ.

ಈ ಮಿಶ್ರಣಕ್ಕೆ ಪಿಎಚ್ 5ರ ಅಸಿಟೇಟ್ ಬಫರ್, ಸೋಪಿನ ಗುಣದ ಸೋಡಿಯಂ ಕೋಲೇಟ್, ನಿಮ್ಮ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಇಡಿ. ಆಮೇಲೆ ಸಿಲಿಕಾ ಪ್ಲೇಟ್ ಮೇಲೆ ಚುಕ್ಕೆ ಇಟ್ಟು ಓಡಿಸಿ, ಆರ್ಸಿನಾಲ್ ಸಿಂಪಡಿಸಿ ಬಿಸಿ ಮಾಡಿದರೆ ಸಕ್ಕರೆ ಇರುವ ಚುಕ್ಕೆಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಬಿಡಿಯಾದ ಸಕ್ಕರೆ ಸರ ಕೆಳಗೆ, ಹೊರಟ ಗೆರೆಯ ಹತ್ತಿರವೇ ಉಳಿಯುತ್ತದೆ. ಸೆರಮೈಡ್ ಮೇಲಕ್ಕೆ ಓಡುತ್ತದೆ, ಆದರೆ ಅದರಲ್ಲಿ ಸಕ್ಕರೆ ಇಲ್ಲವಲ್ಲ, ಆರ್ಸಿನಾಲ್‌ಗೆ ಕಾಣುವುದಿಲ್ಲ. ಅದಕ್ಕೆ ಅಯೋಡಿನ್ ಹಬೆ ಹಿಡಿಯಬೇಕು. ಪದರ ಬೇರ್ಪಡಿಸಿ ಮೇಲಿನದರಲ್ಲಿ ಸಕ್ಕರೆ ಬಂತು ಅಂತ ಅಷ್ಟಕ್ಕೇ ನಿಲ್ಲಬೇಡಿ. ಕತ್ತರಿಸದ ಗ್ಯಾಂಗ್ಲಿಯೋಸೈಡ್ ಕೂಡ ಅದೇ ಪದರದಲ್ಲಿ ಕೂತಿರುತ್ತದೆ, ಮೋಸ ಹೋಗುತ್ತೀರಿ. ಕುದಿಸಿದ ಕಿಣ್ವದ ಒಂದು ಟ್ಯೂಬ್, ಕಿಣ್ವವೇ ಇಲ್ಲದ ಒಂದು ಟ್ಯೂಬ್ ಪಕ್ಕದಲ್ಲಿ ಇರಲೇಬೇಕು.

ಕೊನೆಯ ಹಂತದ ಅಳತೆಗೆ ಮಾತ್ರ ಶುದ್ಧ ಜಿಎಂ1 ಸ್ವಲ್ಪ ಕೊಳ್ಳಿ.

ಪ್ರಶ್ನೆ: ಪ್ರೋಟೀನನ್ನು ತೂಕದ ಪ್ರಕಾರ ಬೇರೆ ಮಾಡುವ ಜೆಲ್ ಮೇಲೆ 54 ಕಿಲೋಡಾಲ್ಟನ್ ಹತ್ತಿರ ಒಂದೇ ಪಟ್ಟಿ ಬಂದರೆ ಶುದ್ಧ ಆಯಿತು ಅಂತ ಬರೆಯಬಹುದಾ?
ಒಬ್ಬ ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ

ಒಂದೇ ಪಟ್ಟಿ ಕಂಡಿತು ಅಂತ ಬರೆಯಬಹುದು. ಕೂಮಾಸ್ಸಿ ಬಣ್ಣಕ್ಕೆ ಕಾಣದ ಪಟ್ಟಿಗಳು ಬೆಳ್ಳಿ ಬಣ್ಣ ಹಾಕಿದಾಗ ಎದ್ದು ಬರುತ್ತವೆ. ನಿಜವಾದ ತೊಂದರೆ ಬೇರೆ. ಕಾಳು ಬಿಡಿಸುವ ಕಿಣ್ವ ಇದ್ದಾವಲ್ಲ, ಅವು ಜಿಗಣೆಯ ರಸದಲ್ಲೂ ಇರುತ್ತವೆ. ಒಂದು ಚೂರು ಉಳಿದಿದ್ದರೂ ಅವು ತುದಿಯಿಂದ ಗ್ಯಾಲಕ್ಟೋಸ್ ತೆಗೆದುಬಿಡುತ್ತವೆ, ನೀವು ಕುಡುಗೋಲಿನ ಕೆಲಸ ಅಂದುಕೊಂಡು ಕೂತಿರುತ್ತೀರಿ. ಇದಕ್ಕೆ ಅಗ್ಗದ ಪರೀಕ್ಷೆ ಇದೆ. ಪ್ಯಾರಾ-ನೈಟ್ರೋಫಿನೈಲ್ ಅಂಟಿಸಿದ ಸಕ್ಕರೆಗಳು, ಗ್ಯಾಲಕ್ಟೋಸ್ ಮತ್ತು ಅಸಿಟೈಲ್‌ಗ್ಲೂಕೋಸಮೈನ್, ಸಿಗುತ್ತವೆ; ಅಂಟಿದ್ದು ಬಿಟ್ಟುಕೊಂಡರೆ ಹಳದಿಯಾಗುತ್ತದೆ. ನಿಮ್ಮ ಕಿಣ್ವ ಹಾಕಿ ಇಡೀ ರಾತ್ರಿ ಬಿಡಿ, ಬೆಳಿಗ್ಗೆ ಸೋಡಿಯಂ ಕಾರ್ಬೋನೇಟ್ ಹಾಕಿ. ಹಳದಿ ಬಂದರೆ ಕಳ್ಳ ಇನ್ನೂ ಒಳಗಿದ್ದಾನೆ. ಬರದಿದ್ದರೆ ನೆಮ್ಮದಿ.

ಕೊನೆಯ ಸಾಕ್ಷಿ ಉತ್ಪನ್ನದ್ದೇ. ಜಿಎಂ1 ಹಾಕಿದರೆ ಐದು ಸಕ್ಕರೆಯ ಇಡೀ ಸರ ಮತ್ತು ಸೆರಮೈಡ್, ಎರಡೇ ಬರಬೇಕು. ಎರಡನ್ನೂ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿ ತೋರಿಸಿದರೆ ಯಾರೂ ಎದುರು ಮಾತಾಡುವುದಿಲ್ಲ.

ಪ್ರಶ್ನೆ: ಕೋಲೇಟ್ ಅಂದರೆ ಪಿತ್ತದ ಉಪ್ಪು ಅಲ್ವಾ? ಜಿಗಣೆಗೆ ನಮ್ಮಂಥ ಪಿತ್ತಕೋಶವೇ ಇಲ್ಲ. ಮತ್ತೆ ಅದರ ಕಿಣ್ವಕ್ಕೆ ಅದು ಯಾಕೆ ಬೇಕು?
ಒಬ್ಬ ವಿಜ್ಞಾನ ಶಿಕ್ಷಕರು, ಕೊಪ್ಪಳ

ಈ ಸಲದ ಅತಿ ಒಳ್ಳೆಯ ಪ್ರಶ್ನೆ ನಿಮ್ಮದು, ಸಾರ್. ಕಿಣ್ವಕ್ಕೆ ಬೇಕಾದದ್ದು ಪಿತ್ತ ಅಲ್ಲ, ಕೊಬ್ಬನ್ನು ಎತ್ತಿ ಕೈಗೆ ಕೊಡುವ ಯಾರೋ ಒಬ್ಬರು. ಎಣ್ಣೆ ತಲೆಗೆ ಬರೀ ನೀರು ಸುರಿದರೆ ಜಿಡ್ಡು ಹೋಗುತ್ತದಾ? ಸೀಗೆಕಾಯಿ ಬೇಕು. ಗ್ಲೈಕೋಲಿಪಿಡ್‌ಗಳು ನೀರಿನಲ್ಲಿ ಒಂದಕ್ಕೊಂದು ಬಾಲ ಸೇರಿಸಿ ಗುಂಪು ಕಟ್ಟಿಕೊಳ್ಳುತ್ತವೆ, ಕತ್ತರಿಸಬೇಕಾದ ಬುಡ ಗುಂಪಿನ ಒಳಗೆ ಅಡಗಿಕೊಳ್ಳುತ್ತದೆ. ಕೋಲೇಟ್ ಆ ಗುಂಪನ್ನು ಸಡಿಲ ಮಾಡುತ್ತದೆ. ಜೀವಿಯ ಒಳಗೆ ಈ ಕೆಲಸಕ್ಕೆ ಬೇರೆ ಸಹಾಯಕರು ಇರುತ್ತಾರೆ. ನಮ್ಮ ದೇಹದಲ್ಲಿ ಸಪೋಸಿನ್, ಜಿಎಂ2 ಆಕ್ಟಿವೇಟರ್ ಅನ್ನುವ ಸಣ್ಣ ಪ್ರೋಟೀನ್‌ಗಳು ಕೊಬ್ಬನ್ನು ಪೊರೆಯಿಂದ ಎತ್ತಿ ಕಿಣ್ವದ ಮುಂದೆ ಹಿಡಿಯುತ್ತವೆ. ಟ್ಯೂಬಿನಲ್ಲಿ ಅವಿಲ್ಲ, ಅವುಗಳ ಬದಲಿಗೆ ಕೋಲೇಟ್ ನಿಲ್ಲುತ್ತದೆ.

ಹಾಗಂತ ಜಾಸ್ತಿ ಹಾಕಿದರೆ ಒಳ್ಳೆಯದಲ್ಲ. ಸೀಗೆ ನೊರೆ ಜಾಸ್ತಿಯಾದಷ್ಟೂ ಗ್ಲೈಕೋಲಿಪಿಡ್ ಅದರೊಳಗೆ ಚದುರಿ ಹೋಗುತ್ತದೆ, ಕಿಣ್ವ ಹುಡುಕಾಡಬೇಕು. ಕಿಣ್ವದ ವೇಗಕ್ಕೆ ಮೈಕೇಲಿಸ್ ಮತ್ತು ಮೆಂಟನ್ 1913ರಲ್ಲಿ ಕೊಟ್ಟ ಸಮೀಕರಣ ಮಕ್ಕಳಿಗೆ ಪಾಠ ಮಾಡುತ್ತೀರಲ್ಲ, ಅದು ನೀರಿನಲ್ಲಿ ಕರಗಿ ಎಲ್ಲ ಕಡೆ ಒಂದೇ ಸಮ ಇರುವ ವಸ್ತುವಿಗೆ. ಇಲ್ಲಿ ವಸ್ತು ನೊರೆಯ ಉಂಡೆಗಳ ಮೇಲೆ ಕೂತಿದೆ. ಆದ್ದರಿಂದ ಈ ಕಿಣ್ವಗಳ ಕೆಎಂ (ಅರ್ಧ ವೇಗ ತಲುಪಲು ಎಷ್ಟು ವಸ್ತು ಬೇಕು ಅನ್ನುವ ಆ ಸಮೀಕರಣದ ಅಳತೆ) ಅಂತ ಯಾವ ಸಂಖ್ಯೆ ನೋಡಿದರೂ ಪಕ್ಕದಲ್ಲಿ ಕೋಲೇಟ್ ಎಷ್ಟು ಹಾಕಿದ್ದರು ಅಂತ ನೋಡಿ. ಬರೆದಿಲ್ಲ ಅಂದರೆ ಆ ಸಂಖ್ಯೆ ಸುಮ್ನೆ.

ಈ ಕಿಣ್ವವೇ ಜಿಗಣೆಗೆ ಯಾಕೆ ಬೇಕು ಅಂತಲೂ ಕೇಳಬಹುದು. ಹೈಡ್ರಾದಲ್ಲಿ ಮತ್ತು ಜೆಲ್ಲಿ ಮೀನಿನಲ್ಲೂ ಇಂಥ ಕಿಣ್ವ ಇದೆ, ಹೈಡ್ರಾದಲ್ಲಿ ಅದು ತಿಂದ ಆಹಾರದ ಗ್ಲೈಕೋಲಿಪಿಡ್ ಅರಗಿಸಲು ಅಂತ ಜಪಾನಿನವರು ತೋರಿಸಿದ್ದಾರೆ. ರಕ್ತ ಕುಡಿಯುವ ಜಿಗಣೆಗೂ ಅಂಥದ್ದೇ ಕೆಲಸ ಇರಬಹುದು ಅನ್ನುವುದು ನನ್ನ ಅಂದಾಜು, ಕೆಂಪು ರಕ್ತಕಣದ ಪೊರೆಯಲ್ಲಿ ಗ್ಲೈಕೋಲಿಪಿಡ್ ಇದ್ದೇ ಇರುತ್ತದೆ.

ಪ್ರಶ್ನೆ: ಮಗನಿಗೆ ಐದು ವರ್ಷ. ಗುಲ್ಮ ದೊಡ್ಡದಾಗಿದೆ, ಗೌಶೆ ಕಾಯಿಲೆ ಇರಬಹುದು ಅಂದಿದ್ದಾರೆ. ಗ್ಲೈಕೋಲಿಪಿಡ್ ಒಡೆಯದ ಕಾಯಿಲೆಯಂತೆ. ಜಿಗಣೆಯ ಕಿಣ್ವ ಕೊಟ್ಟರೆ ಆಗುವುದಿಲ್ಲವೇ? ಇಲ್ಲೊಬ್ಬರು ಜಿಗಣೆ ಹಚ್ಚಿಸುತ್ತಾರೆ.
ಒಬ್ಬ ತಾಯಿ, ಬಳ್ಳಾರಿ ಜಿಲ್ಲೆ

ಆಗುವುದಿಲ್ಲ ಅಮ್ಮ. ದಯವಿಟ್ಟು ಹಚ್ಚಿಸಬೇಡಿ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಇರುತ್ತದೆ, ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಇರುತ್ತದೆ, ಎರಡೂ ಸೇರಿದರೆ ರಕ್ತ ನಿಲ್ಲುವುದು ಕಷ್ಟ.

ಗೌಶೆಯಲ್ಲಿ ಕೊರತೆ ಇರುವುದು ಗ್ಲೂಕೋಸೆರೆಬ್ರೋಸಿಡೇಸ್ ಅನ್ನುವ ಬೇರೆ ಕಿಣ್ವದ್ದು, ಸೆರಮೈಡ್ ಮೇಲೆ ಉಳಿದ ಕೊನೆಯ ಒಂದು ಗ್ಲೂಕೋಸ್ ತೆಗೆಯುವಂಥದ್ದು. ಇದನ್ನು 1960ರ ದಶಕದಲ್ಲಿ ರಾಸ್ಕೋ ಬ್ರೇಡಿ ತಂಡ ಕಂಡುಹಿಡಿಯಿತು. ಹೆರಿಗೆಯ ನಂತರ ಬೀಳುವ ಮಾಸುಚೀಲದಿಂದ ಆ ಕಿಣ್ವ ಶುದ್ಧ ಮಾಡಿದರು. ಅದನ್ನು ಹಾಗೇ ಚುಚ್ಚಿದರೆ ತಲುಪಬೇಕಾದ ಕೋಶಗಳಿಗೆ ಸರಿಯಾಗಿ ತಲುಪಲಿಲ್ಲ. ಕಿಣ್ವದ ಮೈಮೇಲಿನ ಸಕ್ಕರೆಯನ್ನು ಕತ್ತರಿಸಿ ಒಳಗಿನ ಮ್ಯಾನೋಸ್ ಅನ್ನುವ ಸಕ್ಕರೆ ಹೊರಗೆ ಕಾಣುವಂತೆ ಮಾಡಿದ ಮೇಲೆ ಸರಿಯಾದ ಕೋಶ ಅದನ್ನು ಎಳೆದುಕೊಂಡಿತು. 1991ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈಗ ಅದನ್ನು ಜೀನ್ ತಂತ್ರದಿಂದ ತಯಾರಿಸುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. "ಇರಬಹುದು" ಅನ್ನುವುದನ್ನು ರಕ್ತದ ಕಿಣ್ವ ಪರೀಕ್ಷೆ ಮತ್ತು ಜೀನ್ ಪರೀಕ್ಷೆಯಿಂದ ಖಚಿತ ಮಾಡಿಸಿ. ಔಷಧ ತುಂಬ ದುಬಾರಿ, ಕೈಯಿಂದ ಹಾಕುವಷ್ಟಲ್ಲ. ಕೇಂದ್ರ ಸರ್ಕಾರದ 2021ರ ವಿರಳ ಕಾಯಿಲೆಗಳ ನೀತಿಯ ಕೆಳಗೆ ನೆರವಿಗೆ ಅರ್ಜಿ ಹಾಕಬಹುದು, ಅದಕ್ಕೆ ಗೊತ್ತು ಮಾಡಿದ ಕೇಂದ್ರ ಬೆಂಗಳೂರಿನಲ್ಲೂ ಇದೆ. ಎಲ್ಲಿಗೆ, ಹೇಗೆ ಅಂತ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಪತ್ರ ಬರೆಸಿಕೊಂಡೇ ಹೋಗಿ. ಸೋದರ ಸಂಬಂಧದಲ್ಲಿ ಮದುವೆ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಾಚಿಕೆ ಬೇಡ, ಮುಂದಿನ ಮಗುವಿನ ದೃಷ್ಟಿಯಿಂದ ಅದು ಬೇಕಾಗುತ್ತದೆ.

ಪ್ರಶ್ನೆ: ನಾನು ಪ್ರಾಣಿ ಕೊಲ್ಲಲಾರೆ. ಜಿಗಣೆ, ಎರೆಹುಳು ಅರೆಯದೆ ಈ ಕಿಣ್ವ ಸಿಗುವುದಿಲ್ಲವೇ?
ಒಬ್ಬ ಪದವಿ ವಿದ್ಯಾರ್ಥಿ, ಕುಷ್ಟಗಿ

ಸಿಗುತ್ತದೆ. ರೋಡೋಕಾಕಸ್‌ನ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿ ಬೇಕಾದಷ್ಟು ಮಾಡಿಸಬಹುದು. ಇದರಲ್ಲೇ ಒಂದು ಚಂದದ ಆಟ ಆಡಿದವರು ಕೆನಡಾದ ಸ್ಟೀಫನ್ ವಿದರ್ಸ್ ತಂಡದವರು. ಕಿಣ್ವದಲ್ಲಿ ಕತ್ತರಿಸಲು ಬೇಕಾದ ಒಂದು ಅಮೈನೋ ಆಮ್ಲ ಬದಲಿಸಿ, ಅದು ಕತ್ತರಿಸುವ ಬದಲು ಜೋಡಿಸುವ ಹಾಗೆ ಮಾಡಿದರು, 2006ರಲ್ಲಿ. ಕುಡುಗೋಲಿನಿಂದಲೇ ಹೊಲಿಗೆ ಹಾಕಿಸಿದ ಹಾಗೆ.

ಪ್ರಶ್ನೆ: ಇದೆಲ್ಲ ಸರಿ. ಕಾಲಿಗೆ ಹತ್ತಿದ ಜಿಗಣೆ ಬಿಡಿಸೋದು ಹೇಗೆ? ನಾವು ಉಪ್ಪು ಹಾಕ್ತೀವಿ.
ನಾಟಿ ಕೆಲಸದವರು, ಸಿರುಗುಪ್ಪ

ಉಪ್ಪು, ಸುಣ್ಣ, ಬೀಡಿ ಬೆಂಕಿ ಯಾವುದೂ ಬೇಡ. ಹೆದರಿದ ಜಿಗಣೆ ಕುಡಿದದ್ದನ್ನು ಗಾಯದೊಳಗೇ ಕಕ್ಕುತ್ತದೆ, ಅದರ ಹೊಟ್ಟೆಯಲ್ಲಿ ಏರೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ, ಗಾಯ ಕೀವಾಗಬಹುದು. ಸಣ್ಣ ತುದಿ ಇದೆಯಲ್ಲ, ಬಾಯಿ ಆ ಕಡೆ. ಚರ್ಮಕ್ಕೆ ಒತ್ತಿ ಉಗುರನ್ನು ಅದರ ಕೆಳಗೆ ಜಾರಿಸಿ, ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೇ. ಸೋಪು ಹಚ್ಚಿ ತೊಳೆದು ಬಟ್ಟೆ ಕಟ್ಟಿ. ರಕ್ತ ಸ್ವಲ್ಪ ಹೊತ್ತು ಜಿನುಗುತ್ತಲೇ ಇರುತ್ತದೆ, ಅದು ಹಿರುಡಿನ್ ಕೆಲಸ, ಗಾಬರಿ ಬೇಡ.